ಸಾಲದ ಅರ್ಜಿಗೆ ಹಾಕಿದ ಬೇಲಿ: ವರ್ಡ್‌ನ ಫಾರ್ಮ್ ರಕ್ಷಣೆ, ಏಳು ವರ್ಷ ಬಳಸಿದ ಮೇಲೆ

ನಾನು ಕೆಲಸ ಮಾಡುವುದು ಒಂದು ಪತ್ತಿನ ಸಹಕಾರ ಸಂಘದಲ್ಲಿ. ಏಳು ವರ್ಷದ ಹಿಂದೆ ಒಂದು ಜಾಮೀನು ಪತ್ರದಲ್ಲಿ ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ (ಸಾಲಕ್ಕೆ ಎಲ್ಲರೂ ಸೇರಿಯೂ ಹೊಣೆ, ಒಬ್ಬೊಬ್ಬರೂ ಪೂರ್ತಿ ಹೊಣೆ) ಎಂಬ ಮಾತಿನ ಕೊನೆಯ ಪದವೇ ಅಳಿಸಿಹೋಗಿತ್ತು. ಹೆಸರು ಟೈಪ್ ಮಾಡುವಾಗ ಯಾರದೋ ಬೆರಳು ತಾಗಿದ್ದು. ಗೊತ್ತಾಗುವ ಹೊತ್ತಿಗೆ ಸಹಿ ಆಗಿತ್ತು. ಮೂವರು ಜಾಮೀನುದಾರರನ್ನು ಹೊಲದ ಕೆಲಸ ಬಿಡಿಸಿ ಮತ್ತೆ ಕರೆಸಬೇಕಾಯಿತು. ಆ ವಾರವೇ ಎಲ್ಲ ನಮೂನೆಗಳಿಗೂ ರಕ್ಷಣೆ ಹಾಕಲು ಕೂತೆ.

ದಾರಿ ಸುಲಭವಿದೆ. ಮೈಕ್ರೋಸಾಫ್ಟ್ ವರ್ಡ್‌ನ ರಿವ್ಯೂ ಟ್ಯಾಬ್‌ನಲ್ಲಿ ‘ರಿಸ್ಟ್ರಿಕ್ಟ್ ಎಡಿಟಿಂಗ್’ ಒತ್ತಿ, ‘ಫಿಲ್ಲಿಂಗ್ ಇನ್ ಫಾರ್ಮ್ಸ್’ ಆರಿಸಿ, ರಕ್ಷಣೆ ಶುರುಮಾಡಿದರೆ ಆಯಿತು. ಅಲ್ಲಿಂದ ಮುಂದೆ ಖಾಲಿ ಜಾಗಗಳಲ್ಲಿ ಮಾತ್ರ ಬರೆಯಬಹುದು, ಷರತ್ತುಗಳ ಒಂದು ಅಕ್ಷರವೂ ಅಲುಗಾಡುವುದಿಲ್ಲ. ಖಾಲಿ ಜಾಗಗಳನ್ನು ಕೂರಿಸಲು ಬೇಕಾದ ಡೆವಲಪರ್ ಟ್ಯಾಬ್ ಮಾತ್ರ ಮೊದಲಿಗೆ ಕಾಣುವುದಿಲ್ಲ. ಆಪ್ಷನ್ಸ್‌ಗೆ ಹೋಗಿ ‘ಕಸ್ಟಮೈಸ್ ರಿಬ್ಬನ್’ನಲ್ಲಿ ಅದಕ್ಕೆ ಟಿಕ್ ಹಾಕಬೇಕು.

ಆ ಟ್ಯಾಬ್‌ನಲ್ಲಿ ಎರಡು ಬಗೆಯ ಖಾನೆಗಳಿವೆ: ಹಳೆಯ ‘ಲೆಗಸಿ ಫಾರ್ಮ್ಸ್’, ಮತ್ತು ವರ್ಡ್ 2007ರಲ್ಲಿ ಬಂದ ‘ಕಂಟೆಂಟ್ ಕಂಟ್ರೋಲ್’. ನಾನು ಹಳೆಯದರಿಂದ ಶುರುಮಾಡಿ ಎರಡು ಕಡೆ ಸಿಕ್ಕಿಹಾಕಿಕೊಂಡೆ. ಹಳೆಯ ಡ್ರಾಪ್‌ಡೌನ್‌ನಲ್ಲಿ (ಪಟ್ಟಿಯಿಂದ ಆರಿಸುವ ಖಾನೆಯಲ್ಲಿ) 25 ಹೆಸರಿಗಿಂತ ಹೆಚ್ಚು ಹಿಡಿಯುವುದಿಲ್ಲ. ನಮ್ಮ ರಾಜ್ಯದ ಜಿಲ್ಲೆಗಳೇ 31!

ಎರಡನೆಯದು ಕನ್ನಡದವರು ಗಮನಿಸಲೇಬೇಕಾದದ್ದು. ಹೆಸರಿನ ಖಾನೆಗೆ 20 ಅಕ್ಷರದ ಮಿತಿ ಹಾಕಿದ್ದೆ. ನಾವು ‘ಕೃಷ್ಣಮೂರ್ತಿ’ಯನ್ನು ನಾಲ್ಕು ಅಕ್ಷರ ಎಂದು ಎಣಿಸುತ್ತೇವೆ. ಕಂಪ್ಯೂಟರ್ ಒತ್ತು, ಗುಣಿತ ಎಲ್ಲವನ್ನೂ ಬಿಡಿಸಿ 11 ಎಂದು ಎಣಿಸುತ್ತದೆ. ತಂದೆಯ ಹೆಸರು ಸೇರಿಸುವಷ್ಟರಲ್ಲಿ ಕರ್ಸರ್ ನಿಂತುಬಿಡುತ್ತಿತ್ತು. ಕನ್ನಡದ ಖಾನೆಗೆ ಮಿತಿಯನ್ನೇ ಹಾಕಬೇಡಿ. ಹಾಕಲೇಬೇಕಿದ್ದರೆ ಮೂರು ಪಟ್ಟು ಇಟ್ಟುಕೊಳ್ಳಿ.

ಈಗ ಎಲ್ಲವೂ ಕಂಟೆಂಟ್ ಕಂಟ್ರೋಲ್‌ಗಳೇ. ದಿನಾಂಕಕ್ಕೆ ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ, ಸದಸ್ಯರ ಫೋಟೋಗೂ ಒಂದು ಖಾನೆ ಇದೆ. ಒಂದೇ ಕೊರತೆ: ತುಂಬದೆ ಬಿಟ್ಟ ಖಾನೆಯಲ್ಲಿ ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಇಂಗ್ಲಿಷ್ ಸೂಚನೆ ಪ್ರಿಂಟ್‌ನಲ್ಲೂ ಬಂದುಬಿಡುತ್ತದೆ. ಡಿಸೈನ್ ಮೋಡ್‌ಗೆ ಹೋಗಿ ಆ ಸೂಚನೆ ತೆಗೆದು ಚುಕ್ಕಿಗಳ ಸಾಲು ಇಟ್ಟೆ. ಈಗ ಬಿಟ್ಟುಹೋದ ಜಾಗದಲ್ಲಿ ಪೆನ್ನಿನಲ್ಲಿ ಬರೆಯಲು ಅನುಕೂಲವೇ ಆಗಿದೆ. ಹಳೆಯ ನುಡಿ ಫಾಂಟಿನ ಕಡತದಿಂದ ಹೆಸರನ್ನು ನಕಲು ಮಾಡಿ ಅಂಟಿಸಿದರೆ ಮಾತ್ರ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸಬೇಕು, ಇಲ್ಲವೇ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಬೇಕು.

ಜಾಮೀನುದಾರರ ಪಟ್ಟಿಗೆ ಬೇರೆ ಉಪಾಯ ಬೇಕಾಯಿತು. ರಕ್ಷಣೆ ಇರುವಾಗ ಮಾಮೂಲಿ ಟೇಬಲ್‌ಗೆ ಹೊಸ ಸಾಲು ಸೇರಿಸಲಾಗದು, ಜಾಮೀನುದಾರರು ಒಮ್ಮೆ ಇಬ್ಬರು, ಒಮ್ಮೆ ನಾಲ್ವರು. ಪಟ್ಟಿಯ ಮೇಲೆ, ಕೆಳಗೆ ‘ಕಂಟಿನ್ಯೂಯಸ್ ಸೆಕ್ಷನ್ ಬ್ರೇಕ್’ (ಪುಟ ಬದಲಿಸದೆ ಕಡತವನ್ನು ಭಾಗ ಮಾಡುವ ಗುರುತು) ಹಾಕಿ, ರಿಸ್ಟ್ರಿಕ್ಟ್ ಎಡಿಟಿಂಗ್‌ನ ‘ಸೆಲೆಕ್ಟ್ ಸೆಕ್ಷನ್ಸ್’ನಲ್ಲಿ ಆ ಭಾಗದ ಟಿಕ್ ತೆಗೆದೆ. ಅಷ್ಟು ಭಾಗ ಮಾತ್ರ ತೆರೆದಿರುತ್ತದೆ. ಇಡೀ ಸೌಲಭ್ಯದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ರಕ್ಷಣೆ ಶುರುಮಾಡುವಾಗ ಹಾಕುವ ಪಾಸ್‌ವರ್ಡ್ ಬಗ್ಗೆ ಯಾರೂ ತಪ್ಪು ತಿಳಿಯಬಾರದು. ಇದು ದನ ನುಗ್ಗದಿರಲಿ ಎಂದು ಹಾಕುವ ಬೇಲಿ, ಕಳ್ಳನಿಗೆ ಹಾಕುವ ಬೀಗವಲ್ಲ. ವರ್ಡ್ ಉಳಿಸುವ ಡಾಕ್‌ಎಕ್ಸ್ ಕಡತ ಎಂದರೆ ಒಳಗೆ ಹಲವು ಕಡತಗಳ ಒಂದು ಜಿಪ್ ಕಟ್ಟು. ಅದರ ಸೆಟ್ಟಿಂಗ್ಸ್ ಕಡತದಲ್ಲಿರುವ ಒಂದು ಸಾಲನ್ನು ಅಳಿಸಿದರೆ ಬೇಲಿ ಹೋಗುತ್ತದೆ. ಸದಸ್ಯರ ಆಧಾರ್ ಸಂಖ್ಯೆ, ಆದಾಯದ ವಿವರ ಇರುವ ಕಡತಕ್ಕೆ ಬೇಕಾದದ್ದು ಫೈಲ್ ಮೆನುವಿನ ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’. ಆ ಪಾಸ್‌ವರ್ಡ್ ಮರೆತರೆ ಕಡತ ಹೋಯಿತು ಎಂದೇ ತಿಳಿಯಿರಿ. ನಮ್ಮಲ್ಲಿ ಅದನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ ತಿಜೋರಿಯಲ್ಲಿಟ್ಟಿದ್ದೇವೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಶುರುಮಾಡುವವರು ನಮೂನೆಯನ್ನು ‘ವರ್ಡ್ ಟೆಂಪ್ಲೇಟ್’ ಆಗಿ ಉಳಿಸಿಕೊಳ್ಳಿ. ಅದನ್ನು ಡಬಲ್ ಕ್ಲಿಕ್ ಮಾಡಿದಾಗೆಲ್ಲ ಹೊಸ ಪ್ರತಿ ತೆರೆಯುತ್ತದೆ, ಮೂಲ ಪ್ರತಿ ಇದ್ದಲ್ಲೇ ಇರುತ್ತದೆ.