ಕಿರುಚಿದರೂ ಸರಿ, ಸೆಮಿ-ಮೆಟಾಲಿಕ್ ಪ್ಯಾಡೇ ಇರಲಿ

ಆರ್ಗ್ಯಾನಿಕ್, ಸೆರಾಮಿಕ್, ಸೆಮಿ-ಮೆಟಾಲಿಕ್, ಮೂರೂ ಬಗೆಯ ಬ್ರೇಕ್ ಪ್ಯಾಡನ್ನು ಒಂದೇ ಕಾರಿಗೆ ಹಾಕಿ ನೋಡಿಯಾಗಿದೆ. ಗಾಡಿ ತುಂಬ ಜನ, ಸಾಮಾನು, ಜತೆಗೆ ಉದ್ದದ ಇಳಿಜಾರು ಇದ್ದರೆ ಸೆಮಿ-ಮೆಟಾಲಿಕ್ಕೇ ಸರಿ. ಉಕ್ಕಿನ ಎಳೆ, ಕಬ್ಬಿಣದ ಪುಡಿ ಬೆರೆತ ಪ್ಯಾಡ್ ಶಾಖವನ್ನು ಬೇಗ ಸಾಗಿಸುತ್ತದೆ. ಮೇಲಿಂದ ಮೇಲೆ ಬ್ರೇಕ್ ಒತ್ತಿದರೂ ಹಿಡಿತ ಸಡಿಲವಾಗದು. ಆ ಶಾಖ ಪ್ಯಾಡನ್ನು ಒತ್ತುವ ಪಿಸ್ಟನ್ ದಾಟಿ ಅದರ ಹಿಂದಿನ ಆಯಿಲಿಗೂ ಹೋಗುತ್ತದಲ್ಲ, ಹಾಗಾಗಿ ಬ್ರೇಕ್ ಆಯಿಲನ್ನು 2 ವರ್ಷಕ್ಕೊಮ್ಮೆ ಬದಲಿಸುವುದನ್ನು ಮರೆಯುವಂತಿಲ್ಲ.

ಆರ್ಗ್ಯಾನಿಕ್ ಅಗ್ಗ, ಸದ್ದಿಲ್ಲ, ಚಕ್ರದ ಜತೆ ತಿರುಗುವ ಡಿಸ್ಕನ್ನೂ ಹೆಚ್ಚು ತಿನ್ನುವುದಿಲ್ಲ. ಆದರೆ ವಿಪರೀತ ಕಾದರೆ ಒಳಗಿನ ರಾಳ ಬೆಂದು ಅನಿಲ ಬಿಡುತ್ತದೆ. ಆಗ ಪೆಡಲ್ ಕಾಲಿಗೆ ಗಟ್ಟಿಯಾಗಿಯೇ ಸಿಗುತ್ತದೆ, ಗಾಡಿ ಮಾತ್ರ ನಿಲ್ಲದು. ಬಿಚ್ಚಿದರೆ ಪ್ಯಾಡಿನ ಮೈ ಗಾಜಿನಂತೆ ಹೊಳೆಯುತ್ತಿರುತ್ತದೆ.

ಸೆರಾಮಿಕ್ ಚಕ್ರಕ್ಕೆ ಕಪ್ಪು ಧೂಳು ಮೆತ್ತುವುದಿಲ್ಲ. ಬೆಲೆ ಜಾಸ್ತಿ.

ಇನ್ನು ಆ ಕಿರುಚಾಟ. ಸೆಮಿ-ಮೆಟಾಲಿಕ್ ಬೆಳಗಿನ ತಣುವಿನಲ್ಲಿ ಮೊದಲ ನಾಲ್ಕೈದು ಬ್ರೇಕಿಗೆ ಕಿರುಚುವುದುಂಟು. ಬಿಸಿಯಾದ ಮೇಲೂ ನಿಲ್ಲದಿದ್ದರೆ ಬಹುಪಾಲು ತಪ್ಪು ಪ್ಯಾಡಿನದಲ್ಲ, ಕೂರಿಸಿದ ರೀತಿಯದು. ಪ್ಯಾಡಿನ ಬೆನ್ನಿನ ತಗಡು ಪಿಸ್ಟನ್ನಿಗೆ ತಾಗಿ ನಡುಗುವುದೇ ಆ ಸದ್ದು. ಹಳೆಯ ಕ್ಲಿಪ್, ಶಿಮ್‌ಗಳನ್ನೇ (ಸದ್ದು ತಡೆಯಲು ಪ್ಯಾಡಿನ ಬೆನ್ನಿಗೆ ಹಾಕುವ ತೆಳು ಹಾಳೆ) ಮತ್ತೆ ಹಾಕಬೇಡಿ. ಪ್ಯಾಡನ್ನು ಹೊರುವ ಬ್ರ್ಯಾಕೆಟ್ಟಿನಲ್ಲಿ ಪ್ಯಾಡಿನ ಕಿವಿ (ಎರಡು ತುದಿಯ ಚಾಚು) ಕೂರುವ ಜಾಗದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಪ್ಯಾಡ್ ಬೆರಳಲ್ಲಿ ತಳ್ಳಿದರೆ ಸರಿಯುವಂತಿರಬೇಕು.

ಪಿಸ್ಟನ್ ಇರುವ ಕ್ಯಾಲಿಪರ್ ಅತ್ತಿತ್ತ ಸರಿಯುವ ಪಿನ್ನುಗಳನ್ನು ಪೂರ್ತಿ ಹೊರಗೆಳೆದು ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಕೈಗೆ ಸಿಕ್ಕಿದ ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಹಿಡಿದುಬಿಡುತ್ತದೆ. ಪಿನ್ ಹಿಡಿದರೆ ಸಾಮಾನ್ಯವಾಗಿ ಒಳಗಿನ ಪ್ಯಾಡೇ ಮೊದಲು ಸವೆಯುವುದು, ಹೊರಗಿನದು ಹೊಸದರಂತೆಯೇ ಕಾಣುತ್ತಿರುತ್ತದೆ.

ಸದ್ದಿಗಿಂತ ದೊಡ್ಡ ಕಾಟ ಇನ್ನೊಂದಿದೆ. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಕೀಚಲು ದನಿ ಹೊರಡಿಸಲೆಂದೇ ಅನೇಕ ಪ್ಯಾಡ್‌ಗಳಲ್ಲಿ ಸಣ್ಣ ತಗಡಿನ ನಾಲಿಗೆ ಇರುತ್ತದೆ. ದಿನಾ ಕಿರುಚುವ ಪ್ಯಾಡಿನಲ್ಲಿ ಈ ಎಚ್ಚರಿಕೆ ಬೇರೆಯಾಗಿ ಕೇಳುವುದೇ ಇಲ್ಲ. ಆದ್ದರಿಂದ ಕಿವಿಯನ್ನು ನಂಬದೆ ಪ್ರತಿ 10,000 ಕಿ.ಮೀ.ಗೆ ಚಕ್ರ ಬಿಚ್ಚಿ ಅಳೆಯಿರಿ, ಒಳಗಿನ ಪ್ಯಾಡನ್ನೂ ಸೇರಿಸಿ. ಹೊಸದರಲ್ಲಿ 10ರಿಂದ 12 ಮಿ.ಮೀ. ಇರುವ ಲೈನಿಂಗ್ (ಬೆನ್ನಿನ ತಗಡು ಬಿಟ್ಟು) 3 ಮಿ.ಮೀ.ಗೆ ಇಳಿದರೆ ಬದಲಿಸಿ. ಎಡ-ಬಲ ಎರಡೂ ಚಕ್ರಕ್ಕೆ ಒಟ್ಟಿಗೇ. ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೆಯೇ ಕೆತ್ತಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಹೊಸ ಪ್ಯಾಡ್ ಹಾಕಿ ಪ್ರಯೋಜನವಿಲ್ಲ.

ಊರೊಳಗಷ್ಟೇ ಓಡಿಸುವವರು, ಚಕ್ರ ಫಳಫಳ ಹೊಳೆಯಬೇಕೆನ್ನುವವರು ಸೆರಾಮಿಕ್ಕಿಗೆ ದುಡ್ಡು ಕೊಡಲಿ. ಭಾರ ಹೊರುವ ಗಾಡಿಗೆ, ಚಕ್ರ ತೊಳೆಯುವ ಬೇಸರ ಇಲ್ಲದವರಿಗೆ ಸೆಮಿ-ಮೆಟಾಲಿಕ್ ಸಾಕು.

ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ ಒಳಗೆ ತಳ್ಳುವಾಗ ಆಯಿಲ್ ಡಬ್ಬಿ ಉಕ್ಕಿ ಪೇಂಟ್ ತಿನ್ನದಂತೆ ನೋಡಿಕೊಳ್ಳಿ. ಗಾಡಿ ಕದಲಿಸುವ ಮುಂಚೆ ಗಟ್ಟಿಯಾಗುವ ತನಕ ಪೆಡಲ್ ಒತ್ತಿ. ಆಮೇಲೆ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲೆಂದು ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು-ಹತ್ತು ಸಲ ಇಳಿಸಿ. ನಡುನಡುವೆ ಅರ್ಧ ನಿಮಿಷ ಆರಲು ಬಿಡಿ.