ವಿಡಿಯೊ ಕಾಲ್‌ನಲ್ಲಿ ಮುಖ ಮೂಲೆಗೆ ಸರಿದರೆ: ಮೂರು ದಾರಿಗಳು

ದೊಡ್ಡ ಮಾನಿಟರ್ ಎದುರಿಗೆ, ಲ್ಯಾಪ್‌ಟಾಪ್ ಪಕ್ಕಕ್ಕೆ. ಹೀಗೆ ಕೂತವರ ಮುಖ ಫ್ರೇಮಿನ ಮೂಲೆಗೆ ಹೋಗುವುದು ಸಹಜ. ಯುಎಸ್‌ಬಿ ವೆಬ್‌ಕ್ಯಾಮ್ ಕೊಳ್ಳಲೇ, ಒಬಿಎಸ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಕ್ರಾಪ್ ಮಾಡಲೇ (ಅಂಚು ಕತ್ತರಿಸಲೇ), ಮುಖವನ್ನು ತಾನಾಗಿ ನಡುವಿಗೆ ತರುವ ಆಟೋ ಫ್ರೇಮಿಂಗ್ ಹಾಕಲೇ ಎಂದು ಕೇಳಿದ್ದೀರಿ.

ಖರ್ಚಿನಲ್ಲಿ ಒಬಿಎಸ್ ಸ್ಟುಡಿಯೊ ಪೂರ್ತಿ ಉಚಿತ. ವಿಂಡೋಸ್‌ನದೇ ಆಟೋ ಫ್ರೇಮಿಂಗ್‌ಗೆ ಎನ್‌ಪಿಯು (ಎಐ ಕೆಲಸಕ್ಕೆಂದೇ ಇರುವ ಚಿಪ್) ಇರುವ ಕಂಪ್ಯೂಟರ್ ಬೇಕು. ಅದಕ್ಕೆಂದೇ ಹೊಸದು ಕೊಳ್ಳುವುದು ದಂಡ.

ಚಿತ್ರದ ಗುಣಮಟ್ಟವೇ ಮುಖ್ಯ ವಿಷಯ. ಕ್ಯಾಮೆರಾ 1920×1080 ಆಗಿದ್ದರೆ 1280×720ರಷ್ಟು ಕತ್ತರಿಸಿಕೊಂಡರೂ ಚಿತ್ರ ಚೆನ್ನಾಗಿರುತ್ತದೆ, ಅಡ್ಡಕ್ಕೆ 640 ಪಿಕ್ಸೆಲ್ ಸರಿಸಲು ಜಾಗ ಸಿಗುತ್ತದೆ. 720ಪಿ ಕ್ಯಾಮೆರಾದಲ್ಲಿ ಕ್ರಾಪ್ ಮಾಡಿದರೆ ಮುಖ ಮಸುಕು. ಇನ್ನೊಂದು ಮಾತು: ಕ್ರಾಪ್ ಆಗಲಿ, ಆಟೋ ಫ್ರೇಮಿಂಗ್ ಆಗಲಿ ಮುಖವನ್ನು ನಡುವಿಗೆ ತರುತ್ತದೆಯೇ ಹೊರತು ಕ್ಯಾಮೆರಾದ ಕೋನ ಬದಲಿಸುವುದಿಲ್ಲ. ನೀವು ಎತ್ತಲೋ ನೋಡುತ್ತಿರುವಂತೆ ಕಾಣುವುದು ತಪ್ಪಬೇಕಾದರೆ ವೆಬ್‌ಕ್ಯಾಮ್ ಅನ್ನು ಮಾನಿಟರ್ ತಲೆಯ ಮೇಲೇ ಕೂರಿಸಬೇಕು.

ಬಳಕೆಯಲ್ಲಿ ಒಬಿಎಸ್ ಸ್ವಲ್ಪ ಕೆಲಸ ಕೊಡುತ್ತದೆ. ಆಲ್ಟ್ ಒತ್ತಿ ಅಂಚು ಎಳೆದು ಕ್ರಾಪ್ ಮಾಡಿ, ಚೌಕಟ್ಟು ತುಂಬುವಷ್ಟು ಹಿಗ್ಗಿಸಿ, 'ಸ್ಟಾರ್ಟ್ ವರ್ಚುವಲ್ ಕ್ಯಾಮೆರಾ' ಒತ್ತಿ, ಜೂಮ್‌ನಲ್ಲಿ ಅದನ್ನೇ ಕ್ಯಾಮೆರಾ ಎಂದು ಆರಿಸಬೇಕು.

ದಿನವಿಡೀ ಮೀಟಿಂಗ್, ಸಂದರ್ಶನ ಇರುವವರಿಗೆ ವೆಬ್‌ಕ್ಯಾಮ್ ಎಂದೇ ಹೇಳುತ್ತೇನೆ. ಓಡಾಡುತ್ತಾ ಪಾಠ ಮಾಡುವವರಿಗೆ, ಸೌಲಭ್ಯ ಇದ್ದರೆ, ಆಟೋ ಫ್ರೇಮಿಂಗ್ ಅನುಕೂಲ. ವಾರಕ್ಕೊಮ್ಮೆ ಮನೆಯವರ ಜೊತೆ ಮಾತಾಡುವವರಿಗೆ ಒಬಿಎಸ್ ಸಾಕು. ಅದಕ್ಕೂ ಮುಂಚೆ ಲ್ಯಾಪ್‌ಟಾಪನ್ನು ತುಸು ತಿರುಗಿಸಿ ನೋಡಿ.