ಹಳೇ ಕಾರು ಆಯಿಲ್ ಕುಡಿಯುತ್ತಿದ್ದರೆ: ಟಾಪ್‌ಅಪ್ಪಾ, ಸೀಲಾ, ರಿಂಗಾ?

ಎರಡು ಲಕ್ಷ ಕಿ.ಮೀ. ಓಡಿದ ಪೆಟ್ರೋಲ್ ಕಾರು ಸ್ವಲ್ಪ ಆಯಿಲ್ ಕುಡಿಯುತ್ತದೆ. ಗಾಬರಿ ಬೇಡ. ಮೊದಲು ಸೋರಿಕೆ ಇದೆಯಾ, ಪಿಸಿವಿ ವಾಲ್ವ್ (ಇಂಜಿನ್ ಒಳಗೆ ಸೇರುವ ಅನಿಲ ಹೊರಹೋಗಲು ಬಿಡುವ ಕವಾಟ) ಕಟ್ಟಿಕೊಂಡಿದೆಯಾ ನೋಡಿಸಿ. ಅದು ಅಗ್ಗದ ಕೆಲಸ.

1,000 ಕಿ.ಮೀ.ಗೆ ಕಾಲು ಲೀಟರ್ ಇಳಿಯುತ್ತಿದ್ದರೆ ಟಾಪ್‌ಅಪ್ ಸಾಕು. ಡಿಕ್ಕಿಯಲ್ಲಿ ಒಂದು ಡಬ್ಬಿ ಇಟ್ಟುಕೊಳ್ಳಿ, ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಮ್ಯಾನುಯಲ್ ಒಪ್ಪಿದರೆ ಮಾತ್ರ ಗಟ್ಟಿ ಆಯಿಲ್ ಹಾಕಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಇಲ್ಲವೇ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ನಿಂತು ಹೊರಟಾಗ ಮಾತ್ರ ನೀಲಿ ಹೊಗೆ ಬರುತ್ತಾ? ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಒಳಗಿಳಿಯದಂತೆ ತಡೆಯುವ ರಬ್ಬರ್ ಬಿಲ್ಲೆ) ಮೇಲೆ ಅನುಮಾನ ಪಡಿ. ಹಲವು ಇಂಜಿನ್‌ಗಳಲ್ಲಿ ಹೆಡ್ (ಇಂಜಿನ್‌ನ ಮೇಲ್ಭಾಗ) ಇಳಿಸದೆಯೇ ಬದಲಿಸಬಹುದು. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಸೀಲ್ ಹುಡುಕುವಾಗ ಮಾತ್ರ ತೀರಾ ಅಗ್ಗದ್ದಕ್ಕೆ ಮರುಳಾಗಬೇಡಿ. ಕೂಲಿ ಎರಡು ಸಲ ಕೊಡಬೇಕಾದೀತು.

ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಹೊಗೆ ಬಂದರೆ ರಿಂಗ್ (ಪಿಸ್ಟನ್ ಸುತ್ತ ಇರುವ ಬಳೆ) ಸವೆದಿರಬಹುದು. ಇಂಜಿನ್ ಬಿಚ್ಚುವ ಮುಂಚೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ. ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟಾಗ ಒತ್ತಡ ಏರಿದರೆ ರಿಂಗೇ ಕಾರಣ ಇರಬೇಕು. ರಿಂಗ್ ಕೆಲಸದ ಖರ್ಚು ಕೆಲವೊಮ್ಮೆ ಕಾರಿನ ಬೆಲೆಗೇ ಹತ್ತಿರ ಹೋಗುತ್ತದೆ. ಬಾಡಿ, ಗೇರ್‌ಬಾಕ್ಸ್ ಗಟ್ಟಿ ಇದ್ದರೆ ಮಾಡಿಸಿ. ತುಕ್ಕು ಹಿಡಿದಿದ್ದರೆ ನಾನಂತೂ ಮಾರಿಬಿಡುತ್ತೇನೆ, ಆಯಿಲ್ ಕುಡಿಯುತ್ತೆ ಅಂತ ಹೇಳಿಯೇ.